ನೋಡದೆ ಬರೆದ ‘ಇಲ್ಲ’ಗಳು

ಕಣ್ಣಾಸ್ಪತ್ರೆಯ ಎರಡನೇ ಮಹಡಿಯ ಕೊನೆಯಲ್ಲಿ ಕಿಟಕಿಯೇ ಇಲ್ಲದ ಒಂದು ಕೋಣೆ ಇದೆ. ಬಾಗಿಲಿಗೆ ಕರಿ ಪರದೆ. ಒಳಗೆ ಒಂದು ಮೇಜು, ಮೇಜಿನ ಮೇಲೆ ಕಣ್ಣಿನ ಹಿಂಗೋಡೆಯ ಫೋಟೋ ತೆಗೆಯುವ ಕ್ಯಾಮೆರಾ, ಗದ್ದ ಊರುವುದಕ್ಕೆ ಒಂದು ಬಿಳಿ ಬಟ್ಟಲು, ಆ ಬಟ್ಟಲಿಗೆ ಒಬ್ಬೊಬ್ಬರಿಗೂ ಒಂದೊಂದರಂತೆ ಹಾಸುವ ತೆಳು ಕಾಗದದ ಕಟ್ಟು. ಆ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಕೂತ ಮನುಷ್ಯನ ಕಥೆ ಇದು. ಅವನೇನು ಭಾರೀ ಮನುಷ್ಯನಲ್ಲ. ಯಾರ ಮೇಲೂ ಕೈ ಎತ್ತಿದವನಲ್ಲ, ಯಾರ ಮನೆಯನ್ನೂ ಮುರಿದವನಲ್ಲ, ಒಂದು ದಿನವೂ ಕೆಲಸಕ್ಕೆ ತಡವಾಗಿ ಬಂದವನಲ್ಲ. ಅಂಥವನಿಗೆ ಹೀಗಾಗಬೇಕಿತ್ತೇ ಎಂದು ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ, ಅದಕ್ಕೇ ಹೇಳುತ್ತಿದ್ದೇನೆ.

ಅವನ ನಿಜವಾದ ಹೆಸರು ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಚಲಾವಣೆಯಲ್ಲಿರಲಿಲ್ಲ. ಎಲ್ಲರಿಗೂ ಅವನು ಚುಕ್ಕಿಯಣ್ಣ. ಬಂದವರ ಗದ್ದವನ್ನು ಬಟ್ಟಲಿಗೆ ಊರಿಸಿ, ಹಣೆಯನ್ನು ಪಟ್ಟಿಗೆ ಒತ್ತಿಸಿ, ದಿನಕ್ಕೆ ಎಪ್ಪತ್ತು ಸಲ ಅವನು ಹೇಳುತ್ತಿದ್ದದ್ದು ಒಂದೇ ಮಾತು: “ಹಸಿರು ಚುಕ್ಕಿ ನೋಡಿ. ರೆಪ್ಪೆ ಬಡೀಬೇಡಿ... ಬಡೀಬೇಡಿ... ಹ್ಞಾಂ, ಈಗ ಎಷ್ಟು ಬೇಕಾದ್ರೂ ಬಡ್ಕೊಳ್ಳಿ.” ಮಿಂಚು ಹೊಡೆದಂತೆ ಬೆಳಕು ಬಿದ್ದು, ಕಂಪ್ಯೂಟರ್ ಪರದೆಯ ಮೇಲೆ ಕಿತ್ತಳೆ ಬಣ್ಣದ ಒಂದು ಗುಂಡು ಲೋಕ ಮೂಡುತ್ತಿತ್ತು. ಕೆಂಪು ನಾಳಗಳು ಅಡ್ಡಾದಿಡ್ಡಿ ಹರಿದಿರುತ್ತಿದ್ದವು. ಒಂದು ಪಕ್ಕಕ್ಕೆ ಹಳದಿ ಬಿಲ್ಲೆಯೊಂದು ಇರುತ್ತಿತ್ತು. ಕಣ್ಣಿನ ನರ ಮಿದುಳಿಗೆ ಹೊರಡುವ ಜಾಗ ಅದು. ಆ ಬಿಲ್ಲೆಯ ನಡುವಿನ ಬಿಳಿ ಗುಂಡಿ ಚಿಕ್ಕದಾಗಿದ್ದರೆ ಕಣ್ಣು ಕ್ಷೇಮ. ಗುಂಡಿ ಅಗಲವಾಗುತ್ತ ಅಂಚಿಗೆ ಬಂದಿದ್ದರೆ ಗ್ಲಾಕೋಮಾ: ನರ ಸದ್ದಿಲ್ಲದೆ ಒಣಗುತ್ತಿದೆ ಎಂದು ಅರ್ಥ. ಚುಕ್ಕಿಯಣ್ಣ ಓದಿದ್ದು ಬರೀ ಎರಡು ವರ್ಷದ ಡಿಪ್ಲೊಮಾ, ಆದರೆ ಆ ಗುಂಡಿಯನ್ನು ಅವನು ಒಂದೇ ನೋಟಕ್ಕೆ ಅಳೆಯುತ್ತಿದ್ದ. ಚಿಕ್ಕ ಡಾಕ್ಟರುಗಳು “ಏನಂತೀಯಾ ಚುಕ್ಕಿಯಣ್ಣ?” ಎಂದು ಕೇಳಿದರೆ, “ನೀವು ಓದಿದೋರು, ನೀವೇ ನೋಡಿ ಸಾರ್” ಎನ್ನುತ್ತಿದ್ದ. ಅದರಲ್ಲಿ ವಿನಯ ಎಷ್ಟಿತ್ತೋ ಜಂಬವೂ ಅಷ್ಟೇ ಇತ್ತು.

ಅವನಿಗೆ ಒಬ್ಬ ಅಕ್ಕ, ಹತ್ತು ವರ್ಷ ದೊಡ್ಡವಳು. ಅಮ್ಮ ತೀರಿಕೊಂಡಾಗ ಅವನಿಗೆ ಎಂಟು. ಅಲ್ಲಿಂದ ಮುಂದೆ ಅವನ ಕಿವಿ ಹಿಂಡಿದ್ದು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕಿದ್ದು, ಫೇಲಾದ ಮಾರ್ಕ್ಸ್ ಕಾರ್ಡಿಗೆ ಅಪ್ಪನ ಸಹಿಯನ್ನು ಅಪ್ಪನಿಗಿಂತ ಚೆನ್ನಾಗಿ ಹಾಕಿದ್ದು ಎಲ್ಲ ಅವಳೇ. ಲಾರಿ ಓಡಿಸುತ್ತಿದ್ದ ಅಪ್ಪನಿಂದ ಸ್ಟಿಯರಿಂಗ್ ಹಿಡಿಯುವುದು ಕಲಿತು, ಮುಂದೆ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳಾದಳು. ಕಲಿಸುವ ಕಾರಿನಲ್ಲಿ ಪಕ್ಕದ ಸೀಟಿನವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದಲ್ಲ, ಇಪ್ಪತ್ತೇಳು ವರ್ಷ ಅವಳ ಪಾದ ಅದರ ಮೇಲೆಯೇ ಇತ್ತು. ಹಾಗಾಗಿ ಊರಿಗೆಲ್ಲ ಅವಳು ಬ್ರೇಕಕ್ಕ. “ಈ ಊರಲ್ಲಿ ಲೈಸನ್ಸ್ ಇರೋ ಅರ್ಧ ಜನ ನನ್ನ ಹತ್ರ ಬೈಸ್ಕೊಂಡೇ ದೊಡ್ಡೋರಾದವರು” ಎಂದು ಅವಳೇ ಹೇಳಿಕೊಳ್ಳುತ್ತಿದ್ದಳು. ಗಂಡ ಬೇಗ ಹೋಗಿಬಿಟ್ಟಿದ್ದ, ಮಕ್ಕಳಾಗಲಿಲ್ಲ. ತಮ್ಮನ ಮನೆಯ ಕೆಳಗಿನ ಎರಡು ಕೋಣೆಯಲ್ಲಿ ಇರುತ್ತಿದ್ದಳು. ಬೆಳಿಗ್ಗೆ ಆರಕ್ಕೆ ಆ ಕಾರಿನಲ್ಲಿ ಕೂತರೆ ಅವಳಿಗೆ ಲೋಕದ ಚಿಂತೆ ಇರಲಿಲ್ಲ. ಆ ಸೀಟು ಬಿಟ್ಟರೆ ಅವಳಿಗೆ ಬೇರೆ ಬದುಕೇ ಇರಲಿಲ್ಲ ಅನ್ನಿ.

ನಲವತ್ತೈದಕ್ಕೆ ಅವಳಿಗೆ ಸಕ್ಕರೆ ಕಾಯಿಲೆ ಬಂತು.

ಆರು ವರ್ಷದ ಹಿಂದೆ ಆಸ್ಪತ್ರೆಗೆ ಒಬ್ಬ ವಿಜ್ಞಾನಿ ಬಂದರು. ಯಂತ್ರಕ್ಕೆ ಪಾಠ ಹೇಳುವವರು ಎಂದು ಇವನು ಅವರಿಗೆ ‘ಪಾಠದ ಮೇಡಂ’ ಎಂದು ಹೆಸರಿಟ್ಟ. ಕಂಪ್ಯೂಟರಿಗೆ ಕಣ್ಣಿನ ಫೋಟೋ ತೋರಿಸಿ ರೋಗ ಹೇಳಿಸುವುದು ಅವರ ಕೆಲಸ. ಒಂದು ರೋಗಕ್ಕೆ ಒಂದು ಯಂತ್ರ ಎಂದಲ್ಲ. ಒಂದೇ ಯಂತ್ರ, ಒಂದೇ ಫೋಟೋ, ನಾಲ್ಕು ಪ್ರಶ್ನೆ: ಸಕ್ಕರೆಯಿಂದ ಕಣ್ಣಿಗೆ ಹಾನಿ ಇದೆಯೇ, ನರ ಒಣಗಿದೆಯೇ, ವಯಸ್ಸಿನ ಕಲೆ ಬಿದ್ದಿದೆಯೇ, ರಕ್ತದೊತ್ತಡದ ಗುರುತು ಇದೆಯೇ.

“ನಾಲ್ಕನ್ನೂ ಬೇರೆ ಬೇರೆ ಕಲಿಸಿದ್ರೆ ಸುಲಭ ಅಲ್ವಾ ಮೇಡಂ? ಒಂದೇ ತಲೆಗೆ ಯಾಕೆ ಇಷ್ಟೊಂದು ತುರುಕೋದು?” ಎಂದು ಇವನು ಕೇಳಿದ.

“ನಿಮ್ಮ ಅಕ್ಕ ಡ್ರೈವಿಂಗ್ ಹೇಳ್ಕೊಡ್ತಾರಂತಲ್ಲ. ಕಾರು ಕಲಿತವರಿಗೆ ವ್ಯಾನ್ ಬೇಗ ಬರುತ್ತೋ ಇಲ್ವೋ? ರಸ್ತೆ ನೋಡೋ ಕಣ್ಣು ಒಂದೇ ತಾನೆ? ಇದೂ ಹಂಗೇ. ನಾಳಗಳು ಹೆಂಗಿರುತ್ವೆ ಅಂತ ಸಕ್ಕರೆಗೋಸ್ಕರ ಕಲಿತದ್ದು ನರದ ಪ್ರಶ್ನೆಗೂ ಉಪಯೋಗಕ್ಕೆ ಬರುತ್ತೆ. ಒಂದರಲ್ಲಿ ಫೋಟೋ ಕಮ್ಮಿ ಇದ್ರೆ ಇನ್ನೊಂದು ಕೈ ಹಿಡಿಯುತ್ತೆ” ಎಂದರು ಮೇಡಂ. ಇದೇ ವಿದ್ಯೆಯಿಂದ ಅವರು ಮೊದಲು ಔಷಧಿಗಳನ್ನು ಜರಡಿ ಹಿಡಿದಿದ್ದರಂತೆ; ಒಂದು ರಾಸಾಯನಿಕ ಯಕೃತ್ತಿಗೆ ಕೆಟ್ಟದ್ದೇ, ಹೃದಯಕ್ಕೆ ಕೆಟ್ಟದ್ದೇ, ಚರ್ಮಕ್ಕೆ ಕೆಟ್ಟದ್ದೇ ಎಂದು ಹನ್ನೆರಡು ಪ್ರಶ್ನೆಗೆ ಒಂದೇ ಯಂತ್ರ ಉತ್ತರ ಹೇಳುತ್ತಿತ್ತಂತೆ. ಮೋಡದ ಚಿತ್ರ ನೋಡಿ ಮಳೆ, ಗಾಳಿ, ಬಿಸಿಲು ಮೂರನ್ನೂ ಒಟ್ಟಿಗೆ ಹೇಳಿಸುವವರೂ ಇದ್ದಾರಂತೆ. ಚುಕ್ಕಿಯಣ್ಣ ಬಾಯಿ ತೆರೆದು ಕೇಳಿದ. ಮನೆಗೆ ಹೋಗಿ ಅಕ್ಕನಿಗೆ, “ಒಂದು ಮಿದುಳು, ನಾಲ್ಕು ಬಾಯಿ” ಎಂದು ವರ್ಣಿಸಿದ. “ನಮ್ಮ ಸ್ಕೂಲಿನ ಓನರ್‌ಗೆ ತದ್ವಿರುದ್ಧ. ಅವನದು ಒಂದು ಬಾಯಿ, ದಿನಕ್ಕೆ ನಾಲ್ಕು ಬುದ್ಧಿ” ಎಂದಳು ಅಕ್ಕ.

ಕಲಿಯಬೇಕಾದರೆ ಯಂತ್ರಕ್ಕೆ ಉತ್ತರ ಗೊತ್ತಿರುವ ಫೋಟೋ ಬೇಕು. ಆಸ್ಪತ್ರೆಯಲ್ಲಿ ಮೂವತ್ತೆಂಟು ಸಾವಿರ ಹಳೇ ಫೋಟೋಗಳಿದ್ದವು, ಹೆಚ್ಚುಕಮ್ಮಿ ಎಲ್ಲ ಚುಕ್ಕಿಯಣ್ಣನೇ ತೆಗೆದವು. ಉತ್ತರಗಳು ಕಾಗದದ ಕೇಸ್ ಶೀಟುಗಳಲ್ಲಿದ್ದವು. ಅವನ್ನು ನೋಡಿ ಕಂಪ್ಯೂಟರಿಗೆ ಏರಿಸುವ ಕೆಲಸ ಇವನ ಪಾಲಿಗೆ ಬಂತು. ಯಾರೋ ಗುತ್ತಿಗೆಯವರು ಮಾಡಿಕೊಟ್ಟ ಫಾರಂ. ಅದರಲ್ಲಿ ನಾಲ್ಕು ಪ್ರಶ್ನೆಗೆ ನಾಲ್ಕು ಖಾನೆ. ಪ್ರತಿ ಖಾನೆಯಲ್ಲೂ ‘ಇದೆ’ ಅಥವಾ ‘ಇಲ್ಲ’, ಎರಡೇ. ಒಂದು ಖಾನೆ ಖಾಲಿ ಬಿಟ್ಟರೂ ಸಾಕು, ಅದು ಕೆಂಪಗೆ ಮುಖ ಊದಿಸಿಕೊಂಡು ಮುಂದಿನ ಫೋಟೋಗೆ ಹೋಗಲು ಬಿಡುತ್ತಿರಲಿಲ್ಲ.

ಇಲ್ಲೇ ನೋಡಿ ಎಡವಟ್ಟಾದದ್ದು.

ಆ ಆಸ್ಪತ್ರೆಯಲ್ಲಿ ಒಂದು ಹಳೆಯ ವಾಡಿಕೆ ಇತ್ತು. ಡಾಕ್ಟರುಗಳು ಕಂಡ ತೊಂದರೆಯನ್ನು ಮಾತ್ರ ಬರೆಯುತ್ತಿದ್ದರು. ಸರಿ ಇದ್ದದ್ದರ ಬಗ್ಗೆ ಚಕಾರ ಎತ್ತುತ್ತಿರಲಿಲ್ಲ. ನರದ ಬಗ್ಗೆ ಏನೂ ಬರೆದಿಲ್ಲ ಎಂದರೆ, ನೋಡಿದ್ದೇವೆ, ಚೆನ್ನಾಗಿದೆ ಎಂದು ಅರ್ಥ. ಇದು ದೊಡ್ಡ ಹೊರರೋಗಿ ವಿಭಾಗದ ಮಾತು. ಆದರೆ ಮಂಗಳವಾರ ಮತ್ತು ಶುಕ್ರವಾರ ಸಕ್ಕರೆ ರೋಗಿಗಳದೇ ಒಂದು ಬೇರೆ ಸರದಿ ನಡೆಯುತ್ತಿತ್ತು. ಒಂದು ಬೆಳಿಗ್ಗೆಗೆ ಎಂಬತ್ತು ಜನ. ಅಲ್ಲಿ ಕೂತ ಚಿಕ್ಕ ಡಾಕ್ಟರು ಸಕ್ಕರೆಯ ಹಾನಿ ಒಂದನ್ನೇ ನೋಡಿ, ಅದೊಂದನ್ನೇ ಬರೆದು, ಮುಂದಿನವರನ್ನು ಕರೆಯುತ್ತಿದ್ದರು. ನರದ ಕಡೆ ಅವರು ಕಣ್ಣೇ ಹಾಯಿಸುತ್ತಿರಲಿಲ್ಲ. ಅಲ್ಲಿಯ ಕಾಗದದಲ್ಲಿ ಬರೆದಿಲ್ಲ ಎಂದರೆ ನೋಡಿಲ್ಲ ಎಂದೇ ಅರ್ಥ. ಮೂಲೆಯ ಸಣ್ಣ ಮೊಹರು ಬಿಟ್ಟರೆ ಎರಡು ಕಾಗದವೂ ನೋಡಲಿಕ್ಕೆ ಒಂದೇ ಥರ. ಈ ವ್ಯತ್ಯಾಸ ಗೊತ್ತಿದ್ದವರು ಇಡೀ ಕಟ್ಟಡದಲ್ಲಿ ನಾಲ್ಕೈದು ಜನ. ಅದರಲ್ಲಿ ಚುಕ್ಕಿಯಣ್ಣನೂ ಒಬ್ಬ.

ಮೊದಲ ದಿನವೇ ಅವನ ಕೈ ತಡೆಯಿತು. ಸಕ್ಕರೆ ಸರದಿಯ ಕಾಗದ ಹಿಡಿದುಕೊಂಡು ಮ್ಯಾನೇಜರ್ ಹತ್ತಿರ ಹೋದ.

“ಇದರಲ್ಲಿ ನರದ ವಿಷಯ ಏನೂ ಬರೆದಿಲ್ಲ ಸಾರ್. ಖಾಲಿ ಬಿಟ್ರೆ ಫಾರಂ ಮುಂದಕ್ಕೆ ಹೋಗ್ತಿಲ್ಲ. ಏನು ಮಾಡ್ಲಿ?”

“ನಮ್ಮಲ್ಲಿ ಬರೀದೇ ಇದ್ರೆ ತೊಂದರೆ ಇಲ್ಲ ಅಂತ ತಾನೆ ಲೆಕ್ಕ? ಹಾಗೇ ಹಾಕ್ತಾ ಹೋಗಿ. ತಿಂಗಳ ಕೊನೇಗೆ ಮುಗೀಬೇಕು” ಎಂದ ಮ್ಯಾನೇಜರ್, ತಲೆ ಎತ್ತದೆ.

‘ಆ ಲೆಕ್ಕ ಸಕ್ಕರೆ ಸರದಿಗೆ ಹೊಂದಲ್ಲ ಸಾರ್’ ಎನ್ನಬೇಕಿತ್ತು. ಮಾತು ನಾಲಿಗೆ ತುದಿಗೂ ಬಂದಿತ್ತು. ಹೊರಗೆ ಎಪ್ಪತ್ತು ಜನ ಕಾಯುತ್ತಿದ್ದರು. ಪಾಠದ ಮೇಡಂ ಬೇರೆ ಊರಿನಲ್ಲಿದ್ದರು. ಇವನು ಗೋಣು ಹಾಕಿ ಬಂದ. ಮೊದಲ ನೂರು ‘ಇಲ್ಲ’ ಒತ್ತುವಾಗ ಮನಸ್ಸು ಚುಚ್ಚಿತು. ಆಮೇಲೆ ಬೆರಳಿಗೆ ರೂಢಿಯಾಯಿತು. ಸಕ್ಕರೆ ‘ಇದೆ’, ನರ ‘ಇಲ್ಲ’, ಕಲೆ ‘ಇಲ್ಲ’, ಒತ್ತಡ ‘ಇಲ್ಲ’, ಮುಂದೆ. ರೇಡಿಯೋ ಕೇಳುತ್ತ, ಕಣ್ಣು ಮುಚ್ಚಿಕೊಂಡು ಮಾಡುವಷ್ಟು ಸಲೀಸಾಯಿತು. ಹೀಗೆ ಸಕ್ಕರೆ ಸರದಿಯ ಹನ್ನೆರಡು ಸಾವಿರ ಫೋಟೋ. ಪಕ್ಕದ ಪರದೆಯಲ್ಲೇ ಫೋಟೋ ಇತ್ತು. ಕತ್ತು ತಿರುಗಿಸಿದ್ದರೆ ಗುಂಡಿಯ ಅಳತೆ ಅವನಿಗೇ ಗೊತ್ತಾಗುತ್ತಿತ್ತು. ಕತ್ತು ತಿರುಗಿಸು ಎಂದು ಅವನಿಗೆ ಯಾರೂ ಹೇಳಲಿಲ್ಲ.

ಯಂತ್ರ ತಯಾರಾಯಿತು. ಪರೀಕ್ಷೆ ಮಾಡಿದರೆ ನೂರಕ್ಕೆ ತೊಂಬತ್ತಾರು. ಪರೀಕ್ಷೆಯ ಫೋಟೋಗಳನ್ನೂ ಅದೇ ರಾಶಿಯಿಂದಲೇ ತೆಗೆದಿಟ್ಟಿದ್ದರು. ತಪ್ಪು ಪಾಠಕ್ಕೆ ತಪ್ಪೇ ಉತ್ತರಪತ್ರಿಕೆ, ಅಂಕ ಬರದೆ ಇರುತ್ತದೆಯೇ? ಸಣ್ಣದೊಂದು ಸಮಾರಂಭ ಆಯಿತು. ಪಾಠದ ಮೇಡಂ ಎಲ್ಲರ ಮುಂದೆ, “ಈ ಯಂತ್ರದ ನಿಜವಾದ ಮೇಷ್ಟ್ರು ಇವರು” ಎಂದು ಚುಕ್ಕಿಯಣ್ಣನನ್ನು ತೋರಿಸಿದರು. ಅಕ್ಕ ಎರಡನೇ ಸಾಲಿನಲ್ಲಿ ಕೂತು ಕೈ ಕೆಂಪಾಗುವಷ್ಟು ಚಪ್ಪಾಳೆ ಹೊಡೆದಳು. ಆರೋಗ್ಯ ಇಲಾಖೆಯವರು ಯಂತ್ರವನ್ನು ವಹಿಸಿಕೊಂಡು, ಕಣ್ಣಿನ ಡಾಕ್ಟರೇ ಇಲ್ಲದ ನಲವತ್ತಮೂರು ಕೇಂದ್ರಗಳಿಗೆ ಹಂಚಿದರು. ಒಂದು ಯಂತ್ರ ಈ ಕೋಣೆಯಲ್ಲೇ ಉಳಿಯಿತು.

ಅಲ್ಲಿಂದ ಅಕ್ಕ ಡಾಕ್ಟರ ಸಾಲಿನಲ್ಲಿ ನಿಲ್ಲುವುದನ್ನೇ ಬಿಟ್ಟಳು. ಅವಳಿಗೂ ಒಂದು ನ್ಯಾಯ ಇತ್ತು. ಡಾಕ್ಟರ ಹತ್ತಿರ ಹೋದರೆ ಕಣ್ಣಿಗೆ ಹನಿ ಬಿಡುತ್ತಾರೆ, ಪಾಪೆ ಅಗಲವಾಗಿ ಇಡೀ ದಿನ ಮಂಜು ಮಂಜು, ಆ ದಿನ ಕಲಿಸುವ ಹಾಗಿಲ್ಲ. ಯಂತ್ರಕ್ಕೆ ಹನಿಯೂ ಬೇಡ, ಹೊತ್ತೂ ಬೇಡ. ವರ್ಷಕ್ಕೊಮ್ಮೆ ಬಂದು, ಗದ್ದ ಊರಿ, ತಮ್ಮನಿಂದಲೇ “ರೆಪ್ಪೆ ಬಡೀಬೇಡಿ” ಅನ್ನಿಸಿಕೊಂಡು ಹೋಗುತ್ತಿದ್ದಳು. ಚೀಟಿ ಬರುತ್ತಿತ್ತು: ಸಕ್ಕರೆಯ ಹಾನಿ ಸ್ವಲ್ಪ ಇದೆ, ಉಳಿದ ಮೂರೂ ಇಲ್ಲ. ಹೀಗೆ ನಾಲ್ಕು ವರ್ಷ, ನಾಲ್ಕು ಚೀಟಿ. “ನಿಮ್ಮ ಡಾಕ್ಟ್ರಿಗಿಂತ ನನ್ನ ತಮ್ಮನ ಶಿಷ್ಯ ವಾಸಿ” ಎಂದು ಊರೆಲ್ಲ ಸಾರಿಕೊಂಡು ಬಂದಳು. ಚುಕ್ಕಿಯಣ್ಣ ಕ್ಯಾಮೆರಾದ ಬಟನ್ ಒತ್ತುತ್ತಿದ್ದ, ಚೀಟಿ ಹರಿದು ಕೊಡುತ್ತಿದ್ದ. ಫೋಟೋ ನೋಡುವುದು ಈಗ ಅವನ ಕೆಲಸ ಆಗಿರಲಿಲ್ಲ.

ಎರಡು ವರ್ಷದಿಂದ ಅಕ್ಕನದು ಒಂದೇ ದೂರು. “ಈ ಊರಿನ ಸೈಕಲ್‌ನೋರಿಗೆ ಏನು ಬಂದಿದ್ಯೋ ಏನೋ! ಎಲ್ಲಿಂದಲೋ ಧುತ್ ಅಂತ ಬರ್ತಾರೆ ಕಣೋ. ಒಬ್ಬರಾದ್ರೂ ಗಂಟೆ ಹೊಡೀಬಾರ್ದಾ?” ಬಾಗಿಲ ಚೌಕಟ್ಟಿಗೆ ಭುಜ ತಾಗಿಸಿಕೊಂಡರೆ ಚೌಕಟ್ಟಿಗೇ ಬೈಗುಳ. ಮೆಟ್ಟಿಲ ಬದಿಯಲ್ಲಿಟ್ಟಿದ್ದ ಬಕೆಟ್ ಎಡವಿದರೆ ಇಟ್ಟವರಿಗೆ ಮಂಗಳಾರತಿ. ಎಲ್ಲರೂ ನಗುತ್ತಿದ್ದರು, ಚುಕ್ಕಿಯಣ್ಣನೂ. ದೂರದ ಬೋರ್ಡನ್ನು ಅವಳು ಎಲ್ಲರಿಗಿಂತ ಮೊದಲು ಓದುತ್ತಿದ್ದಳು. ಸೂಜಿಗೆ ದಾರ ಒಂದೇ ಸಲಕ್ಕೆ ಪೋಣಿಸುತ್ತಿದ್ದಳು. ಅಂಥ ಕಣ್ಣಿನ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಗ್ಲಾಕೋಮಾ ಮೊದಲು ತಿನ್ನುವುದು ಅಂಚನ್ನು, ನಡುವನ್ನಲ್ಲ, ಎಂದು ಚುಕ್ಕಿಯಣ್ಣನಿಗೆ ಗೊತ್ತಿತ್ತು. ಗೊತ್ತಿದ್ದೂ ಹೊಳೆಯಲಿಲ್ಲ, ಯಾಕೆಂದರೆ ಚೀಟಿಯಲ್ಲಿ ‘ಇಲ್ಲ’ ಎಂದಿತ್ತಲ್ಲ.

ಒಂದು ಭಾನುವಾರ ಮಧ್ಯಾಹ್ನ ಊಟಕ್ಕೆ ಮೇಲೆ ಬಂದವಳು ಕೂರುವ ಮೊದಲೇ ಶುರು ಮಾಡಿದಳು.

“ನಿನ್ನೆ ಏನಾಯ್ತು ಗೊತ್ತಾ? ಲೈಬ್ರರಿ ಗುಮಾಸ್ತೆ ಒಬ್ಬಳು ಬರ್ತಾಳಲ್ಲ, ಗೇರ್ ಮುಟ್ಟೋಕೂ ಕೈ ನಡುಗುತ್ತೆ ಪಾಪ, ಅವಳು ಇದ್ದಕ್ಕಿದ್ದ ಹಾಗೆ ಕಚಕ್ ಅಂತ ಬ್ರೇಕ್ ಹಾಕಿಬಿಟ್ಳು. ಯಾಕಮ್ಮ ಅಂತ ಬೈದೆ. ನೋಡಿದ್ರೆ ಎಡಗಡೆಯಿಂದ ತಳ್ಳುಗಾಡಿ ಬಂದು ಬಾನೆಟ್ ಹತ್ರ ನಿಂತಿದೆ! ಇಪ್ಪತ್ತೇಳು ವರ್ಷದಲ್ಲಿ ನನಗಿಂತ ಮುಂಚೆ ಶಿಷ್ಯರು ಬ್ರೇಕ್ ಒತ್ತಿದ್ದು ಇದೇ ಮೊದಲು. ವಯಸ್ಸಾಯ್ತು ನನಗೆ.”

ಚುಕ್ಕಿಯಣ್ಣನ ಹೆಂಡತಿ ನಕ್ಕಳು. ಅವನ ತುತ್ತು ಕೈಯಲ್ಲೇ ಉಳಿಯಿತು. ಎದ್ದು ಕೈ ತೊಳೆದುಕೊಂಡು ಬಂದು ಅವಳ ಎದುರು ಕುರ್ಚಿ ಎಳೆದು ಕೂತ.

“ಅಕ್ಕ, ಒಂದು ಕಣ್ಣು ಮುಚ್ಕೊ. ನನ್ನ ಮೂಗು ನೋಡು. ಅಲ್ಲಾಡಬೇಡ. ಪಕ್ಕದಿಂದ ಬೆರಳು ತರ್ತೀನಿ, ಕಂಡ ತಕ್ಷಣ ಹೇಳು.”

“ನಿನ್ನ ಮೂಗೇನು ನೋಡೋ ಅಂಥದ್ದಾ? ಸರಿ, ಶುರು ಮಾಡು.”

ಬೆರಳು ಅವಳ ಕಿವಿಯ ಪಕ್ಕದಿಂದ ಹೊರಟಿತು. ಕೆನ್ನೆಯ ನೇರಕ್ಕೆ ಬಂತು. ಇನ್ನೂ ಮುಂದೆ ಬಂತು. ಅವನು ಬೆರಳನ್ನು ಜೋರಾಗಿ ಅಲ್ಲಾಡಿಸತೊಡಗಿದ.

“ಶುರು ಮಾಡೋ ಅಂದ್ರೆ! ಎಷ್ಟು ಹೊತ್ತು ನಿನ್ನ ಮೂಗು ನೋಡ್ಕೊಂಡು ಕೂತಿರ್ಲಿ?” ಎಂದಳು ಅಕ್ಕ.

ಬೆರಳು ಅವನ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು. ಹೆಂಡತಿ ಬಾಯಿಗೆ ಸೆರಗು ಒತ್ತಿಕೊಂಡು ಒಳಗೆ ಹೋದಳು.

ಮರುದಿನ ದೊಡ್ಡ ಡಾಕ್ಟರು ಪರೀಕ್ಷೆ ಮಾಡಿದರು. ಬಿಳಿ ಬೋಗುಣಿಯಂಥ ಯಂತ್ರದೊಳಗೆ ಮುಖ ಇಟ್ಟು, ದೀಪ ಕಂಡಾಗಲೆಲ್ಲ ಬಟನ್ ಒತ್ತಬೇಕು. ಅಕ್ಕ ಹತ್ತು ನಿಮಿಷ ಕೂತು, ಮುಖ ಹೊರಗೆ ತೆಗೆದು, “ಸಾರ್, ನಿಮ್ಮ ಯಂತ್ರ ಕೆಟ್ಟಿದೆ. ದೀಪಾನೇ ಬರ್ತಿಲ್ಲ” ಎಂದಳು. ಅಚ್ಚಾಗಿ ಬಂದ ಹಾಳೆಯಲ್ಲಿ ನಡುವೆ ರೂಪಾಯಿ ಅಗಲದ ಬಿಳುಪು ಬಿಟ್ಟು ಮಿಕ್ಕದ್ದೆಲ್ಲ ಕಪ್ಪು. ಎರಡೂ ಕಣ್ಣಿನದು.

“ಹೋಗಿದ್ದು ವಾಪಸ್ ಬರಲ್ಲಮ್ಮ. ಇರೋದನ್ನ ಉಳಿಸ್ಕೊಳ್ಳೋಕೆ ಹನಿ ಕೊಡ್ತೀನಿ, ಹೊತ್ತು ತಪ್ಪಿಸಬೇಡಿ. ಕಾರಿನಲ್ಲಿ ಕಲಿಸೋದು ಇವತ್ತಿಗೇ ನಿಲ್ಲಿಸಬೇಕು. ನಿಮ್ಮ ಪಕ್ಕದಲ್ಲಿ ಕೂರೋರ ಪ್ರಾಣ ಅದು” ಎಂದರು ಡಾಕ್ಟರು.

ಡಾಕ್ಟರು ಚುಕ್ಕಿಯಣ್ಣನ ಕಡೆ ತಿರುಗಿ, “ಇದು ಒಂದೆರಡು ವರ್ಷದ್ದಲ್ಲ. ಪ್ರತಿ ವರ್ಷ ಫೋಟೋ ತೆಗೀತಿದ್ರಿ ಅಂದ್ರಲ್ಲ?” ಎಂದರು. ಅವನು ಹಳೆಯ ಫೋಟೋಗಳನ್ನು ತೆರೆದ. ನಾಲ್ಕು ವರ್ಷದ ಹಿಂದಿನದರಲ್ಲೇ ಗುಂಡಿ ಬಿಲ್ಲೆಯ ಮುಕ್ಕಾಲು ತುಂಬಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರೂ ಗುರುತಿಸುವಷ್ಟು ಸ್ಪಷ್ಟವಾಗಿತ್ತು. ಕೆಳಗೆ ಯಂತ್ರದ ಉತ್ತರ: ನರದ ತೊಂದರೆ ಇಲ್ಲ.

ಆ ವಾರವೆಲ್ಲ ಅವನು ಊಟ ಸೇರದೆ ಓಡಾಡಿದ. ಆ ವರ್ಷ ಡಾಕ್ಟರುಗಳೇ ಗ್ಲಾಕೋಮಾ ಎಂದು ಬರೆದ ನೂರು ಜನರ ಫೋಟೋ ಆರಿಸಿ ಯಂತ್ರಕ್ಕೆ ಕೊಟ್ಟ. ಸಕ್ಕರೆ ಇಲ್ಲದವರದ್ದನ್ನು ಯಂತ್ರ ಒಂದೂ ಬಿಡದೆ ಹಿಡಿಯಿತು. ಸಕ್ಕರೆಯ ಗುರುತು ಇದ್ದ ಮೂವತ್ತೊಂದು ಜನರಲ್ಲಿ ಇಪ್ಪತ್ತೆಂಟು ಜನಕ್ಕೆ ‘ಇಲ್ಲ’ ಎಂದಿತು. ಅವನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಸಕ್ಕರೆ ‘ಇದೆ’, ನರ ‘ಇಲ್ಲ’ ಎಂದು ಹನ್ನೆರಡು ಸಾವಿರ ಸಲ ಹೇಳಿಕೊಟ್ಟವನು ಅವನೇ. ಸಕ್ಕರೆಯ ಕೆಂಪು ಚುಕ್ಕೆ ಕಂಡಲ್ಲೆಲ್ಲ ನರದ ಬಗ್ಗೆ ಕೇಳಲೇಬೇಡ ಎಂದು ಯಂತ್ರ ಕಲಿತುಬಿಟ್ಟಿತ್ತು. ವಿಧೇಯ ಶಿಷ್ಯ, ಮೇಷ್ಟ್ರ ಮಾತು ಮೀರಲಿಲ್ಲ. ಚುಕ್ಕಿಯಣ್ಣ ಕರಿ ಪರದೆ ಎಳೆದುಕೊಂಡು, ರೋಗಿಗಳು ಕೂರುವ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟ.

ಪಾಠದ ಮೇಡಂಗೆ ಫೋನ್ ಮಾಡಿ ಎಲ್ಲ ಹೇಳಿದ.

“ಖಾಲಿ ಬಿಡ್ಬಹುದಿತ್ತಲ್ಲ!” ಎಂದರು ಮೇಡಂ. “ಖಾಲಿ ಇದ್ರೆ ಆ ಪ್ರಶ್ನೆ ಬಿಟ್ಟು ಮಿಕ್ಕಿದ್ದನ್ನ ಮಾತ್ರ ಕಲಿ ಅಂತ ಯಂತ್ರಕ್ಕೆ ಮೊದಲೇ ಹೇಳಿದ್ದೆ. ನಾಲ್ಕು ಪ್ರಶ್ನೆ ಒಟ್ಟಿಗೆ ಕಲಿಸೋದರಲ್ಲಿ ಅದೇ ಮುಖ್ಯ ಗುಟ್ಟು. ಎಲ್ಲಾ ಫೋಟೋಗೂ ಎಲ್ಲಾ ಉತ್ತರ ಎಲ್ಲಿರುತ್ತೆ?”

“ಫಾರಂ ಬಿಡ್ತಿರಲಿಲ್ಲ ಮೇಡಂ.”

“ನನಗೆ ಯಾರೂ ಹೇಳಲೇ ಇಲ್ಲ. ನಾನೂ ಕೇಳಲಿಲ್ಲ. ಒಂದು ಖಾನೆಯೂ ಖಾಲಿ ಇಲ್ಲದ ಪಟ್ಟಿ ಬಂದಾಗ ಎಷ್ಟು ಅಚ್ಚುಕಟ್ಟು ಅಂತ ಖುಷಿಪಟ್ಟೆ.”

“ಈಗ ಆ ನರದ ಪಾಠ ಒಂದನ್ನ ಅಳಿಸಿಬಿಡಕ್ಕೆ ಆಗಲ್ವಾ?”

ಆಗುವುದಿಲ್ಲ ಎಂದರು. ನಾಲ್ಕು ಪಾಠವೂ ಒಂದೇ ತಲೆಯಲ್ಲಿ ಕಲಸಿಹೋಗಿವೆ, ಒಂದನ್ನು ಮಾತ್ರ ಹೆಕ್ಕಿ ತೆಗೆಯಲು ಬರುವುದಿಲ್ಲ. ಮೊದಲಿಂದ ಕಲಿಸಬೇಕು. ಅದಕ್ಕೆ ಯಾವ ‘ಇಲ್ಲ’ ನೋಡಿ ಬರೆದದ್ದು, ಯಾವುದು ನೋಡದೆ ಬರೆದದ್ದು ಎಂದು ಗೊತ್ತಾಗಬೇಕು. ಆ ಗುರುತು ಕಂಪ್ಯೂಟರಿನಲ್ಲಿ ಎಲ್ಲಿಯೂ ಇಲ್ಲ, ಮಂಗಳವಾರ ಶುಕ್ರವಾರದ ಫೋಟೋಗಳಲ್ಲಿ ಎರಡೂ ಕಡೆಯವರು ಬೆರೆತಿದ್ದರು; ಕಾಗದದ ಕೇಸ್ ಶೀಟುಗಳನ್ನು ಕಂಪ್ಯೂಟರಿಗೆ ಏರಿಸಿದ ಮೇಲೆ ಮ್ಯಾನೇಜರ್ ರದ್ದಿಗೆ ಹಾಕಿಸಿದ್ದ. ಉಳಿದ ದಾರಿ ಒಂದೇ, ಡಾಕ್ಟರುಗಳು ಸಾವಿರಾರು ಫೋಟೋಗಳನ್ನು ಮತ್ತೆ ಕಣ್ಣಿಂದ ನೋಡಬೇಕು. ವರ್ಷ ಹಿಡಿಯುತ್ತದೆ. ಅಲ್ಲಿಯವರೆಗೆ ನರದ ಉತ್ತರವನ್ನಾದರೂ ಮುಚ್ಚಿಡಿ ಎಂದು ಮೇಡಂ ಇಲಾಖೆಗೆ ಬರೆದರು. ಎರಡು ವಾರ ಬಿಟ್ಟು ಉತ್ತರ ಬಂತು: ಪರಿಶೀಲನೆಯಲ್ಲಿದೆ. ಚುಕ್ಕಿಯಣ್ಣ ತಾನೇ ಒಂದು ಪತ್ರ ಬರೆದ, ತಪ್ಪು ನನ್ನದು ಎಂದು ಒಪ್ಪಿಕೊಂಡು. ಅದಕ್ಕೆ ಉತ್ತರವೂ ಬರಲಿಲ್ಲ, ಬೈಗುಳವೂ ಬರಲಿಲ್ಲ. ಕೇಂದ್ರಗಳಿಗೆ ಫೋನ್ ಮಾಡಿದರೆ, “ಮೇಲಿನಿಂದ ಕಾಗದ ಬರಲಿ ಸಾರ್” ಎಂದರು. ಈಗಾಗಲೇ ‘ಇಲ್ಲ’ ಎಂಬ ಚೀಟಿ ಹಿಡಿದು ಮನೆಗೆ ಹೋದವರು ಯಾರು, ಎಷ್ಟು ಜನ ಎಂದು ಕೇಳಿದರೆ, ತಮ್ಮಲ್ಲಿ ಬರೀ ಕ್ರಮಸಂಖ್ಯೆ ಇದೆ, ವಿಳಾಸ ಇಲ್ಲ ಎಂದರು.

ತನ್ನ ಕೋಣೆಗೆ ಬಂದವರ ಫೋಟೋವನ್ನು ಮಾತ್ರ ಅವನು ಈಗ ಮೈಯೆಲ್ಲ ಕಣ್ಣಾಗಿ ನೋಡುತ್ತಿದ್ದ. ಮೊದಲ ವಾರದಲ್ಲೇ ಇಬ್ಬರು ಸಿಕ್ಕಿದರು. ಇಬ್ಬರಿಗೂ ಯಂತ್ರ ‘ಇಲ್ಲ’ ಎಂದಿತ್ತು. ಅವರನ್ನು ಕೈ ಹಿಡಿದು ಡಾಕ್ಟರ ಬಳಿ ಕರೆದೊಯ್ದ. ವಾಪಸ್ ಬಂದು ಕೂತಾಗ ನಲವತ್ತಮೂರು ಕೇಂದ್ರಗಳ ನೆನಪಾಗಿ ಕೈ ಕೈ ಹಿಸುಕಿಕೊಂಡ. ಅಲ್ಲಿ ಕ್ಯಾಮೆರಾ ಮುಂದೆ ಕೂತಿರುವವರಿಗೆ ಗುಂಡಿ ಎಂದರೆ ಏನೆಂದೇ ಗೊತ್ತಿರಲಿಲ್ಲ. ಗೊತ್ತಿರಬೇಕಾಗಿಲ್ಲ ಎಂದೇ ತಾನೇ ಯಂತ್ರ ಕೊಟ್ಟದ್ದು.

ಅಕ್ಕನಿಗೆ ಹೇಳಲು ಒಂದು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅವಳು ಸ್ಕೂಲಿಗೆ ಹೋಗುವುದನ್ನು ಬಿಟ್ಟು, ಕೆಳಗಿನ ಕೋಣೆಯಲ್ಲಿ ರಸ್ತೆಗೆ ಬೆನ್ನು ಹಾಕಿ ಕೂರುವುದನ್ನು ರೂಢಿ ಮಾಡಿಕೊಂಡಿದ್ದಳು. ಒಂದು ಸಂಜೆ ಅವನು ಇಳಿದು ಹೋಗಿ ಎದುರಿಗೆ ಕೂತು, ಫಾರಂ, ಖಾಲಿ ಖಾನೆ, ಮ್ಯಾನೇಜರ್, ರೇಡಿಯೋ, ಹನ್ನೆರಡು ಸಾವಿರ, ಒಂದನ್ನೂ ಮುಚ್ಚಿಡದೆ ಹೇಳಿದ.

“ಬೈಯಿ ಅಕ್ಕ. ಏನಾದ್ರೂ ಅನ್ನು.”

“ಬೈದು? ಬೈಸ್ಕೊಂಡು ನೀನು ಹಗುರ ಆಗಿ ಮೇಲೆ ಹೋಗ್ತೀ. ನಾನು ಇಲ್ಲೇ ಇರ್ತೀನಿ.” ಮತ್ತೆ ಅವಳೇ ಕೇಳಿದಳು, “ನನ್ನ ಥರ ಇನ್ನೆಷ್ಟು ಜನ ಇದಾರೆ?”

“ಗೊತ್ತಿಲ್ಲ ಅಕ್ಕ. ಗೊತ್ತು ಮಾಡ್ಕೊಳ್ಳೋ ದಾರಿನೂ ಇಲ್ಲ.”

“ಎಂಟು ವರ್ಷದ ಹಿಂದೆ ಒಂದು ಶುಕ್ರವಾರ ನನ್ನನ್ನ ಆ ಸಕ್ಕರೆ ಸಾಲಿಗೆ ಕರ್ಕೊಂಡು ಹೋಗಿದ್ದೆ. ನೀನೇ ಫೋಟೋ ತೆಗೆದೆ. ಆ ಹನ್ನೆರಡು ಸಾವಿರದಲ್ಲಿ ನಂದೂ ಇತ್ತಾ?”

ಈ ಪ್ರಶ್ನೆ ಅವಳು ಕೇಳದಿರಲಿ ಎಂದು ಅವನು ಒಂದು ತಿಂಗಳು ಹರಕೆ ಹೊತ್ತಂತೆ ಕಾದಿದ್ದ. ಆ ಫೋಟೋವನ್ನು ಹುಡುಕಿ ತೆಗೆದು ನೋಡಿಯೂ ಇದ್ದ. ಗುಂಡಿ ಆಗಲೇ ಅಗಲವಾಗಲು ತೊಡಗಿತ್ತು. ಆಗ ಹನಿ ಶುರು ಮಾಡಿದ್ದರೆ ಅವಳು ಇವತ್ತೂ ಆ ಸೀಟಿನಲ್ಲಿ ಕೂತಿರುತ್ತಿದ್ದಳು.

“ಇತ್ತು.”

“ಅದಕ್ಕೂ ನೋಡದೇನೆ ಬರೆದ್ಯಾ?”

ಅವನು ಹೌದೆಂದು ತಲೆಯಾಡಿಸಿದ. ಎದುರಿಗೇ ಕೂತಿದ್ದ, ಅಷ್ಟು ಅವಳಿಗೆ ಕಾಣುತ್ತಿತ್ತು.

ಅಕ್ಕ ಗೋಡೆ ಗಡಿಯಾರದತ್ತ ಮುಖ ತಿರುಗಿಸಿದಳು. ಏಳು ಗಂಟೆ, ಹನಿ ಹಾಕಿಕೊಳ್ಳುವ ಹೊತ್ತು. ಪಕ್ಕದ ಮೇಜಿನ ಮೇಲೆ ಔಷಧಿಯ ಬಾಟಲಿಗಾಗಿ ಕೈ ಆಡಿಸಿದಳು. ಕೈ ಕನ್ನಡಕದ ಪೆಟ್ಟಿಗೆಯನ್ನು ಮುಟ್ಟಿತು, ದಿನಪತ್ರಿಕೆಯ ಮೇಲೆ ಹಾದುಹೋಯಿತು, ಬಾಟಲಿಯಿಂದ ಎರಡು ಬೆರಳು ಈಚೆಗೆ ನಿಂತಿತು. ಅವನು ಥಟ್ಟನೆ ಬಾಗಿ ಬಾಟಲಿ ಎತ್ತಿಕೊಡಲು ಹೋದ.

“ಬಿಡು. ಮುಟ್ಟಬೇಡ” ಎಂದಳು. “ಎಲ್ಲಿದೆ ಅಂತಲೂ ಹೇಳ್ಬೇಡ.”

ಅವನು ಕೈ ಹಿಂದಕ್ಕೆ ಎಳೆದುಕೊಂಡ. ಅವಳ ಕೈ ಮೇಜಿನ ಅಂಚಿನವರೆಗೆ ಹೋಗಿ, ತಿರುಗಿ, ಮತ್ತೆ ಪತ್ರಿಕೆಯ ಮೇಲಿಂದ ಬಂತು. ಅವನು ಎರಡು ಕೈಯನ್ನೂ ತೊಡೆಗಳ ನಡುವೆ ಒತ್ತಿಕೊಂಡು ನೋಡುತ್ತ ಕೂತ.